ಕ್ರಿಸ್ತ ಬಾರದ ಊರಿನ ಕಪ್ಪು ಮಾತೆ

ಕಾರ್ಲೋ ಲೇವಿಯ ‘ಕ್ರಿಸ್ತ ಎಬೋಲಿಯಲ್ಲೇ ನಿಂತ’ ಎಂಬ ಪುಸ್ತಕದ ವಾದವೆಲ್ಲ ಅದರ ಹೆಸರಿನಲ್ಲೇ ಇದೆ. ದಕ್ಷಿಣ ಇಟಲಿಯ ಲುಕಾನಿಯಾದ ರೈತರು ತಮ್ಮ ಬಗ್ಗೆ ಆಡಿಕೊಳ್ಳುತ್ತಿದ್ದ ಮಾತದು. ರಸ್ತೆಯೂ ರೈಲೂ ಕರಾವಳಿ ಬಿಟ್ಟು ಒಳನಾಡಿನ ಬೆಟ್ಟಗಳತ್ತ ತಿರುಗುವುದು ಎಬೋಲಿಯ ಬಳಿ. ಕ್ರಿಸ್ತ ಅಲ್ಲಿಯವರೆಗೆ ಬಂದ, ನಮ್ಮವರೆಗೆ ಬರಲಿಲ್ಲ ಎನ್ನುತ್ತಾರೆ ರೈತರು. ಅವರ ಆಡುಮಾತಿನಲ್ಲಿ ‘ಕ್ರಿಶ್ಚಿಯನ್’ ಎಂದರೆ ಮನುಷ್ಯ ಎಂದೇ ಅರ್ಥ. ಹಾಗಾಗಿ ದೂರು ದೇವರ ಮೇಲಲ್ಲ, ತಮ್ಮನ್ನು ಮನುಷ್ಯರ ಲೆಕ್ಕಕ್ಕೆ ಸೇರಿಸದ ಲೋಕದ ಮೇಲೆ.

ಲೇವಿ ಟ್ಯೂರಿನ್ ನಗರದ ಯಹೂದಿ. ಕಲಿತದ್ದು ವೈದ್ಯಕೀಯ, ಬಾಳಿದ್ದು ಚಿತ್ರಕಾರನಾಗಿ. ಫ್ಯಾಸಿಸ್ಟ್ ಸರ್ಕಾರವನ್ನು ವಿರೋಧಿಸಿದ್ದಕ್ಕೆ 1935ರಲ್ಲಿ ಅವನನ್ನು ಲುಕಾನಿಯಾಕ್ಕೆ ಗಡಿಪಾರು ಮಾಡಿದರು. ಮೊದಲು ಗ್ರಾಸ್ಸಾನೋ, ನಂತರ ಅಲಿಯಾನೋ. ಪುಸ್ತಕದಲ್ಲಿ ಅಲಿಯಾನೋದ ಹೆಸರು ಗಾಲಿಯಾನೋ ಎಂದಾಗಿದೆ. 1945ರಲ್ಲಿ ಪ್ರಕಟವಾದ ಈ ಕೃತಿಯನ್ನು ಮಲೇರಿಯಾ ಮತ್ತು ಬಡತನದ ದಾಖಲೆಯಾಗಿ ಎಲ್ಲರೂ ಮೆಚ್ಚಿದ್ದಾರೆ, ಅದು ನ್ಯಾಯವೂ ಹೌದು. ನನ್ನ ತಕರಾರು ಇರುವುದು ಅದು ಧರ್ಮದ ಬಗ್ಗೆ ಹೇಳುವ ಮಾತಿನ ಜೊತೆ.

ಲೇವಿಯ ಪ್ರಕಾರ ಇಲ್ಲಿನ ರೈತರು ಇತಿಹಾಸದ ಹೊರಗಿದ್ದಾರೆ. ಅವರ ಬದುಕಿಗೆ ಋತುಗಳಿವೆ, ಕಾಲವಿಲ್ಲ. ಅವರು ಪೂಜಿಸುವ ವಿಜ್ಜಾನೋದ ಕಪ್ಪು ಮಡೋನ್ನಾ ಅವನಿಗೆ ಕರುಣಾಳು ಮಾತೆ ಮೇರಿಯಾಗಿ ಕಾಣುವುದಿಲ್ಲ. ಒಳಿತು ಕೆಡುಕುಗಳ ಹಂಗಿಲ್ಲದ, ಕ್ರಿಸ್ತನಿಗಿಂತ ಹಳೆಯ ಮಣ್ಣಿನ ದೇವತೆಯಾಗಿ ಕಾಣುತ್ತಾಳೆ. ಗಾಲಿಯಾನೋದ ಮೆರವಣಿಗೆಯಲ್ಲಿ ಪಟಾಕಿಯ ಸದ್ದಿನ ನಡುವೆ ಜನ ಅವಳತ್ತ ಗೋಧಿ ಎರಚುವ ದೃಶ್ಯ ಪುಸ್ತಕದ ಅತ್ಯುತ್ತಮ ಪುಟಗಳಲ್ಲೊಂದು. ಓದುತ್ತಿದ್ದರೆ ಅವನ ಮಾತನ್ನು ಒಪ್ಪಿಬಿಡುತ್ತೇವೆ.

ಆದರೆ ವಿಜ್ಜಾನೋ ಎಂಬ ಊರು ಬೇರೆಯದನ್ನೇ ಹೇಳುತ್ತದೆ. ಇದು ಅಲಿಯಾನೋ ಇರುವ ಅಗ್ರಿ ಕಣಿವೆಯದೇ ಮೇಲ್ಭಾಗದಲ್ಲಿರುವ, ಸುಮಾರು 1000 ಮೀಟರ್ ಎತ್ತರದ ಸಣ್ಣ ಬೆಟ್ಟದೂರು. ಪ್ರತಿವರ್ಷ ಮೇ ತಿಂಗಳ ಮೊದಲ ಭಾನುವಾರ ಮಡೋನ್ನಾಳ ಮರದ ವಿಗ್ರಹವನ್ನು ಜನ ಹೆಗಲ ಮೇಲೆ ಹೊತ್ತು 1700 ಮೀಟರ್ ದಾಟಿದ ‘ಪವಿತ್ರ ಬೆಟ್ಟ’ದ ಗುಡಿಗೆ ಒಯ್ಯುತ್ತಾರೆ. ಸೆಪ್ಟೆಂಬರ್ ಮೊದಲ ಭಾನುವಾರ ಇಳಿಸಿ ತರುತ್ತಾರೆ. ಮೇಣದಬತ್ತಿಗಳಿಂದ ಕಟ್ಟಿದ ‘ಚಿಂತಿ’ ಎಂಬ ಹರಕೆಯ ಗೋಪುರಗಳನ್ನು ಹೆಂಗಸರು ತಲೆಯ ಮೇಲೆ ಹೊರುತ್ತಾರೆ. ಕುರಿಗಾಹಿಗಳು ಬೇಸಿಗೆಯ ಹುಲ್ಲುಗಾವಲಿಗೆ ಹತ್ತಿ ಚಳಿಗೆ ಮುಂಚೆ ಇಳಿಯುವ ಲೆಕ್ಕಕ್ಕೆ ಈ ದಿನಗಳು ಹೊಂದುತ್ತವೆ. ಅಂದರೆ ಈ ಆಚರಣೆಯಲ್ಲಿ ಒಂದು ದುಡಿಮೆಯ ಚರಿತ್ರೆಯಿದೆ.

ವಿಗ್ರಹದ ಐತಿಹ್ಯವನ್ನೇ ನೋಡಿ. ಕಣಿವೆಯ ತಳದಲ್ಲಿದ್ದ ರೋಮನ್ ಕಾಲದ ನಗರ ಗ್ರುಮೆಂಟಮ್ ಅನ್ನು ಸಾರಾಸೆನ್ನರು ನಾಶ ಮಾಡಿದಾಗ ಭಕ್ತರು ವಿಗ್ರಹವನ್ನು ಬೆಟ್ಟದ ಮೇಲೆ ಬಚ್ಚಿಟ್ಟರಂತೆ. ಎಷ್ಟೋ ಕಾಲದ ಮೇಲೆ ರಾತ್ರಿ ಅಲ್ಲಿ ಬೆಳಕು ಕಂಡು ಜನ ಹೋಗಿ ಹುಡುಕಿದರಂತೆ. ಇದು ನಡೆದ ಘಟನೆಯೋ ಅಲ್ಲವೋ ಎಂಬುದು ಬೇರೆ ಮಾತು. ಆದರೆ ಊರು ಹಾಳಾಗಿ ಬೆಟ್ಟ ಹತ್ತಿದವರ ನೆನಪನ್ನು ಇಟ್ಟುಕೊಂಡ ಕಥೆಯಿದು. ಕಾಲವಿಲ್ಲದ ದೇವತೆಗೆ ಇಂಥ ಕಥೆ ಬೇಕಾಗುವುದಿಲ್ಲ.

ವಿಜ್ಜಾನೋದವರು ಮನೆ ಬಿಟ್ಟು ಕದಲದವರೂ ಅಲ್ಲ. ಸಣ್ಣ ಹಾರ್ಪ್ ವಾದ್ಯವನ್ನು ಬೆನ್ನಿಗೇರಿಸಿಕೊಂಡು ಪ್ಯಾರಿಸ್, ಲಂಡನ್, ನ್ಯೂಯಾರ್ಕ್ ಬೀದಿಗಳಲ್ಲಿ ನುಡಿಸಿದ ಸಂಗೀತಗಾರರ ಊರದು. 1857ರ ಡಿಸೆಂಬರ್‌ನ ಭೂಕಂಪ ಈ ಕಣಿವೆಯನ್ನೇ ನೆಲಸಮ ಮಾಡಿತು. ಮುಂದಿನ ದಶಕಗಳಲ್ಲಿ ಲುಕಾನಿಯಾದ ಸಾವಿರಾರು ಜನ ಅಮೆರಿಕದ ಹಡಗು ಹತ್ತಿದರು.

ಈ ಇತಿಹಾಸಕ್ಕೆ ಸಾಕ್ಷಿ ಲೇವಿಯ ಪುಸ್ತಕದಲ್ಲೇ ಇದೆ. ಅವನು ವೈದ್ಯನಾಗಿ ಕಾಲಿಟ್ಟ ಮನೆಮನೆಯ ಗೋಡೆಯಲ್ಲೂ ಎರಡು ಪಟಗಳು ತೂಗುತ್ತಿದ್ದವು. ಒಂದು ವಿಜ್ಜಾನೋದ ಮಡೋನ್ನಾ, ಇನ್ನೊಂದು ಅಧ್ಯಕ್ಷ ರೂಸ್‌ವೆಲ್ಟ್. ಕೆಲವು ಕಡೆ ಜೊತೆಗೊಂದು ಡಾಲರ್ ನೋಟು. ಲೇವಿ ಇದನ್ನೂ ಪುರಾಣವಾಗಿಯೇ ಓದುತ್ತಾನೆ: ಅವಳು ಭೂಮಿಯ ಶಕ್ತಿ, ಅವನು ದೂರದ ಲೋಕದ ದೊರೆ. ನನಗೋ ಅದು ಪತ್ರ ಬರೆಯುವ ಗಂಡನನ್ನೂ ಬಾರದ ಮಗನನ್ನೂ ಕಾಯುವ ಮನೆಯ ಗೋಡೆ. ದೇವತೆಯ ಪಕ್ಕ ಯಾರನ್ನು ತೂಗುಹಾಕಬೇಕೆಂದು ಯೋಚಿಸಿ ನಿರ್ಧರಿಸಿದವರು ಇತಿಹಾಸದ ಹೊರಗಿರಲು ಹೇಗೆ ಸಾಧ್ಯ?

1950ರ ದಶಕದಲ್ಲಿ ಇದೇ ಪ್ರದೇಶದಲ್ಲಿ ಕ್ಷೇತ್ರಕಾರ್ಯ ನಡೆಸಿದ ಎರ್ನೆಸ್ತೋ ದೆ ಮಾರ್ತಿನೋ 1959ರ ‘ದಕ್ಷಿಣ ಮತ್ತು ಮಾಟ’ ಕೃತಿಯಲ್ಲಿ ಬೇರೆ ದಾರಿ ತೋರಿಸಿದ. ಮಾಟ, ಮಂತ್ರ, ಹರಕೆಗಳು ಆದಿಮ ಕಾಲದ ಉಳಿಕೆಗಳಲ್ಲ. ಬೆಳೆ, ಮಗು, ಜೀವ ಯಾವುದಕ್ಕೂ ಭರವಸೆಯಿಲ್ಲದ ಬಾಳಿನಲ್ಲಿ ಕುಸಿದುಹೋಗದೆ ನಿಲ್ಲಲು ಜನ ಹಿಡಿದ ಊರುಗೋಲು ಎಂದ. ಬಡತನಕ್ಕೆ ಕಾರಣಗಳಿರುವಂತೆ ಈ ಆಚರಣೆಗಳಿಗೂ ಕಾರಣಗಳಿವೆ.

ಲೇವಿಯ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಅವನು ಸತ್ತ ಮೇಲೆ ಮಣ್ಣಾದದ್ದೂ ಅಲಿಯಾನೋದಲ್ಲೇ. ಆದರೆ ಪ್ರೀತಿಯಿಂದ ಹೇಳಿದರೂ ‘ಕಾಲಾತೀತ’ ಎಂಬುದು ಅಪಾಯದ ಮಾತು. ಕಾಲಾತೀತರಾದವರಿಗೆ ಏನಾಯಿತು, ಯಾರಿಂದಾಯಿತು ಎಂದು ಕೇಳುವ ಅಗತ್ಯ ಬೀಳುವುದಿಲ್ಲ. ಇಂದು ವಿಜ್ಜಾನೋದ ಬದಿಯಲ್ಲಿ ದೊಡ್ಡ ಕಚ್ಚಾತೈಲ ಸಂಸ್ಕರಣಾ ಘಟಕವಿದೆ. ಮೇಲಿನ ಬೆಟ್ಟಕ್ಕೆ ಮೇ ತಿಂಗಳಲ್ಲಿ ಮಡೋನ್ನಾ ಈಗಲೂ ಹತ್ತುತ್ತಾಳೆ. ಅವಳನ್ನು ಹೊತ್ತವರ ಹರಕೆ ಏನೆಂದು ತಿಳಿಯಬೇಕಾದರೆ ಕೆಳಗಿನ ಕಣಿವೆಯನ್ನೂ ನೋಡಬೇಕು.