ಮಗನ ಕಣ್ಣೀರೇನೋ ಸರಿ, ಅವ್ವನ್ನ ಕೇಳಿದ್ರಾ?

'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಬಿಡುಗಡೆಯಾಗಿದ್ದು 2016ರ ಜೂನ್‌ನಲ್ಲಿ. ಊರಲ್ಲಿ ಅಪ್ಪ-ಅಮ್ಮನ್ನ ಬಿಟ್ಟು ಬೆಂಗಳೂರಲ್ಲಿ ಕೋಡ್ ಬರೆಯೋ ನಮ್ಮಂಥವರಿಗೆ ಅದು ಸಿನಿಮಾ ಅನ್ನೋದಕ್ಕಿಂತ ಕೋರ್ಟಿಂದ ಬಂದ ನೋಟಿಸ್ ಥರ ಇತ್ತು. ನೋಡಿ ಬಂದ ರಾತ್ರಿ ಸುಮಾರು ಜನ ಊರಿಗೆ ಫೋನ್ ಮಾಡಿದ್ರು. ನಾನೂ ಮಾಡಿದೆ. ಅಪ್ಪ ಎತ್ತಿ, "ಇಷ್ಟೊತ್ನಲ್ಲಿ ಏನಪ್ಪಾ, ದುಡ್ಡೇನಾದ್ರೂ ಬೇಕಿತ್ತಾ?" ಅಂದ್ರು.

ಸಿನಿಮಾ ಒಳ್ಳೇದು, ಅದರಲ್ಲಿ ಎರಡು ಮಾತಿಲ್ಲ. ನಿರ್ದೇಶಕ ಹೇಮಂತ್ ರಾವ್ ಹೆಸರು ಇಟ್ಟಿರೋ ರೀತೀನೇ ಅರ್ಧ ಕಥೆ ಹೇಳುತ್ತೆ. ಕಾಣೆಯಾದವರ ಪ್ರಕಟಣೆಯಲ್ಲಿ ಪೊಲೀಸರು ಬಳಸೋ ಸವಕಲು ಭಾಷೆ ಅದು. ಹೆತ್ತ ಅಪ್ಪನ ಗುರುತು ಹೇಳು ಅಂದ್ರೆ ಮಗನ ಹತ್ತಿರ ಅದಕ್ಕಿಂತ ಹೆಚ್ಚಿನ ಮಾತಿಲ್ಲ. ಮರೆವಿನ ಕಾಯಿಲೆಯ ವೆಂಕೋಬ ರಾವ್ ಆಗಿ ಅನಂತ್ ನಾಗ್ ನಟಿಸಿದ್ದಾರೆ ಅನ್ನೋಕೆ ಆಗಲ್ಲ, ಆ ಮನುಷ್ಯ ಅಲ್ಲಿ ಕೂತಿದ್ದಾರೆ, ಅಷ್ಟೇ. ಮುಂಬೈಯಲ್ಲಿ ಕೆಲಸ ಮಾಡೋ ಮಗ ಶಿವ (ರಕ್ಷಿತ್ ಶೆಟ್ಟಿ) ಅವರನ್ನ ಬೆಂಗಳೂರಿನ ಆರೈಕೆ ಕೇಂದ್ರದಲ್ಲಿ ಬಿಟ್ಟಿರ್ತಾನೆ. ಒಂದಿನ ಹೊರಗೆ ಕರ್ಕೊಂಡು ಹೋಗಿ, ತನ್ನ ಗಡಿಬಿಡಿಯಲ್ಲಿ ಕಳ್ಕೋತಾನೆ. ಆಮೇಲೆ ಹುಡುಕಾಟ, ಪಶ್ಚಾತ್ತಾಪ.

ಇತ್ತೀಚೆಗೆ ಮನೆಯಲ್ಲಿ ಇದೇ ವಿಷಯ ಚರ್ಚೆಗೆ ಬಂದಿದ್ದರಿಂದ ಮತ್ತೊಮ್ಮೆ ನೋಡಿದೆ. ಈ ಸಲ ಕಣ್ಣಲ್ಲಿ ನೀರು ಬರಲಿಲ್ಲ, ತಲೆಗೆ ಹುಳ ಬಿಟ್ಕೊಂಡೆ. ಅಪ್ಪನಿಗೆ ಎಲ್ಲಿರೋಕೆ ಇಷ್ಟ ಅಂತ ಈ ಸಿನಿಮಾದಲ್ಲಿ ಯಾರೂ ಕೇಳೋ ಅಗತ್ಯವೇ ಬರಲ್ಲ. ಅವರಿಗೆ ಅಲ್ಝೈಮರ್ಸ್ ಇದೆಯಲ್ಲ. ಆ ಕಾಯಿಲೆ ಕಥೆಗೆ ತುಂಬಾ ಅನುಕೂಲ ಮಾಡಿಕೊಡುತ್ತೆ. ಅಪ್ಪ ಮಾತಾಡೋ ಸ್ಥಿತಿಯಲ್ಲಿಲ್ಲ, ಹಾಗಾಗಿ ಇಡೀ ಜಾಗ ಮಗನ ಮನಸ್ಸಿಗೆ ಸಿಗುತ್ತೆ. ನೆನಪು ಗಟ್ಟಿಯಾಗಿರೋ, ಮಂಡಿ ಮಾತ್ರ ಸವೆದಿರೋ ಎಪ್ಪತ್ತನಾಲ್ಕರ ಮನುಷ್ಯನ್ನ ಅಲ್ಲಿ ಕೂರಿಸಿ ನೋಡಿ. ಅವರು ವಾದ ಮಾಡ್ತಾರೆ, ಬೈತಾರೆ, ಒಂದಿನ ಹೂಂ ಅಂದು ಮಾರನೇ ದಿನ ಊಹೂಂ ಅಂತಾರೆ. ನಮ್ಮಲ್ಲಿ ಬಹುಪಾಲು ಮನೆಗಳಲ್ಲಿ ಇರೋದು ಆ ಮನುಷ್ಯ. ಅವರ ಕಥೆಯನ್ನ ಯಾರೂ ತೆಗೆದಿಲ್ಲ.

ಇದು ಹೇಮಂತ್ ಒಬ್ಬರ ಮೇಲಿನ ತಕರಾರಲ್ಲ. ಬಿ.ಆರ್. ಪಂತುಲು ಅವರ 'ಸ್ಕೂಲ್ ಮಾಸ್ಟರ್' ಬಂದಿದ್ದು 1958ರಲ್ಲಿ. ಮೇಷ್ಟ್ರಾಗಿ ಪಂತುಲು, ಹೆಂಡತಿಯಾಗಿ ಎಂ.ವಿ. ರಾಜಮ್ಮ. ನಿವೃತ್ತರಾದ ಮೇಲೆ ಮಕ್ಕಳು ಅಪ್ಪ-ಅಮ್ಮನ್ನ ಬೇರೆ ಬೇರೆ ಮಾಡ್ತಾರೆ, ಕೊನೆಗೆ ಪೊಲೀಸ್ ಅಧಿಕಾರಿಯಾಗಿರೋ ಹಳೇ ಶಿಷ್ಯ (ಶಿವಾಜಿ ಗಣೇಶನ್) ನೆರವಿಗೆ ಬರ್ತಾನೆ. ತೆಲುಗಲ್ಲಿ ಅದೇ 1972ರಲ್ಲಿ ಎನ್‌ಟಿಆರ್ ಅವರ 'ಬಡಿ ಪಂತುಲು' ಆಯ್ತು. ಅಂದಿನಿಂದ ಇಂದಿನವರೆಗೂ ಪ್ರಶ್ನೆ ಒಂದೇ: ಮಗ ಒಳ್ಳೆಯವನಾ, ಕೆಟ್ಟವನಾ? ವೃದ್ಧಾಶ್ರಮ ಅಂದ್ರೆ ಕೆಟ್ಟ ಮಗನಿಗೆ ಸಿಕ್ಕ ಸರ್ಟಿಫಿಕೇಟು. 2007ರ ಹಿರಿಯ ನಾಗರಿಕರ ಪೋಷಣೆ ಕಾಯ್ದೆಯೂ ಹೆಚ್ಚುಕಮ್ಮಿ ಇದೇ ಕಣ್ಣಲ್ಲಿ ನೋಡುತ್ತೆ. ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು, ಹಿರಿಯರನ್ನ ಎಲ್ಲೋ ಬಿಟ್ಟು ಬಂದ್ರೆ 3 ತಿಂಗಳವರೆಗೆ ಜೈಲು. ಕಾಯ್ದೆ ಬೇಕು, ಅನುಮಾನ ಇಲ್ಲ. ಆದ್ರೆ ಮಗ ಕೆಟ್ಟವನಲ್ಲ, ಸೊಸೆಯೂ ಕೆಟ್ಟವಳಲ್ಲ, ಇಬ್ಬರೂ ವೈಟ್‌ಫೀಲ್ಡಲ್ಲಿ ಕೆಲಸ ಮಾಡ್ತಾರೆ, ರಾತ್ರಿ ಎರಡು ಗಂಟೆಗೆ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ರೆ ಶೆಟ್ಟಿಕೆರೆಯಲ್ಲಿ ಎತ್ತೋರು ಯಾರು? ಇದಕ್ಕೆ ಸಿನಿಮಾದಲ್ಲೂ ಉತ್ತರ ಇಲ್ಲ, ಕಾಯ್ದೆಯಲ್ಲೂ ಇಲ್ಲ.

ಈಗ ಇನ್ನೊಂದು ಥರದ ಸಾಹಿತ್ಯ ಬಂದಿದೆ: ನಿವೃತ್ತರ ಬಡಾವಣೆಗಳ ಬ್ರೋಷರ್ರು. ವಿಮರ್ಶೆ ಮಾಡೋದೇ ಆದ್ರೆ ಇದನ್ನೂ ಸಾಹಿತ್ಯ ಅಂತಾನೇ ಓದಬೇಕು. ಪ್ರತಿ ಪುಟದಲ್ಲೂ ಬೆಳ್ಳಿಕೂದಲ ಗಂಡ-ಹೆಂಡತಿ ನಗ್ತಾ ಇರ್ತಾರೆ. ಇಷ್ಟೊಂದು ನಗೋ ದಂಪತಿಯನ್ನ ನಮ್ಮ ಹೋಬಳಿಯಲ್ಲಿ ನಾನು ನೋಡಿಲ್ಲ. ಯೋಗ, ಗ್ರಂಥಾಲಯ, ಜಾರದ ಟೈಲ್ಸು, ಬಚ್ಚಲಲ್ಲಿ ಹಿಡಿಕೆ, ಹಾಸಿಗೆ ಪಕ್ಕ ತುರ್ತು ಗುಂಡಿ. ಗುಂಡಿ ಒತ್ತಿದ್ರೆ ಯಾರೋ ಬರ್ತಾರೆ ಅನ್ನೋದು ಸಣ್ಣ ವಿಷಯ ಅಲ್ಲ, ಅದನ್ನ ಗೇಲಿ ಮಾಡಲ್ಲ. ಆದ್ರೆ ಠೇವಣಿ ಎಷ್ಟು, ಇಬ್ಬರಲ್ಲಿ ಒಬ್ಬರು ಹೋದ ಮೇಲೆ ಏನು, ಹಾಸಿಗೆ ಹಿಡಿದ್ರೆ ಅಲ್ಲೇ ಇಟ್ಕೋತಾರಾ ಇಲ್ಲಾ 'ಮನೆಗೆ ಕರ್ಕೊಂಡು ಹೋಗಿ' ಅಂತಾರಾ, ಇವೆಲ್ಲ ಕೊನೇ ಪುಟದ ಇರುವೆ ಅಕ್ಷರದಲ್ಲಿ ಇರುತ್ತೆ, ಅಥವಾ ಇರೋದೇ ಇಲ್ಲ. ಸಿನಿಮಾ ಮಗನ ಪಾಪಪ್ರಜ್ಞೆಯನ್ನ ಕಣ್ಣೀರಲ್ಲಿ ತೊಳೆದ್ರೆ ಬ್ರೋಷರ್ರು ಅದನ್ನೇ ಇಎಂಐ ಮಾಡಿಕೊಡುತ್ತೆ. ಎರಡೂ ಮಾತಾಡೋದು ನನ್ನ ಹತ್ತಿರ. ಅಪ್ಪನ ಹತ್ತಿರ ಅಲ್ಲ.

ಅಪ್ಪನ ಹತ್ತಿರ ನಾನು ಮಾತಾಡಿದೆ. ಅವರು ಆಗಲ್ಲ ಅನ್ನಲಿಲ್ಲ. "ಅಟ್ಟದ ಕೊಬ್ಬರಿ ಆಗ್ಲಿ, ನೋಡನ" ಅಂದ್ರು. ನಮ್ಮ ಕಡೆಯವರಲ್ಲದವರಿಗೆ ಇದನ್ನ ಬಿಡಿಸಿ ಹೇಳಬೇಕು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಉಂಡೆ ಕೊಬ್ಬರಿ ಮಾಡೋಕೆ ಬಲಿತ ಕಾಯಿಯನ್ನ ಅಟ್ಟಕ್ಕೆ ಏರಿಸಿ ಹತ್ತು-ಹನ್ನೊಂದು ತಿಂಗಳು ಬಿಡ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದ್ರೆ ಲೊಡಲೊಡ ಅನ್ನಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು ತಿಪಟೂರು ಎಪಿಎಂಸಿಗೆ. ಅಟ್ಟ ಅಂದ್ರೆ ನಮ್ಮ ಫಿಕ್ಸೆಡ್ ಡಿಪಾಸಿಟ್ಟು. ಆದ್ರೆ ಮರ ನಮ್ಮ ಲೆಕ್ಕ ಕೇಳಿ ಕಾಯಿ ಬಿಡಲ್ಲ. ಈ ಅಟ್ಟದ್ದು ಆಗೋ ಹೊತ್ತಿಗೆ ಇನ್ನೊಂದು ಕೊಯ್ಲು ಮೇಲೇರಿರುತ್ತೆ. 'ಕೊಬ್ಬರಿ ಆಗ್ಲಿ' ಅನ್ನೋದು ಹೂಂ ಅಲ್ಲ, ಊಹೂಂ ಅಲ್ಲ. ಮೂರು ವರ್ಷದಿಂದ ಅದೇ ಉತ್ತರ. ಕಾಯಿ ಕೀಳೋರು ಸಿಗದೆ ಇದ್ರೂ, ಕರೆಂಟು ಯಾವಾಗ ಬರುತ್ತೋ ಅಂತ ಮೋಟ್ರು ಕಾಯ್ತಾ ಕೂತ್ರೂ, ತೋಟ ಅವರಿಗೆ ಬೆಳಗ್ಗೆ ಏಳೋಕೆ ಇರೋ ಕಾರಣ. ಬಡಾವಣೆಯ ಗಾರ್ಡನ್ ತೋರಿಸಿದಾಗ ಒಂದೇ ಮಾತು ಕೇಳಿದ್ರು: "ಅಲ್ಲಿ ನಾನು ಯಾರಿಗ್ ಬೈಲಿ?"

ಅಮೆರಿಕದ ವೈದ್ಯ ಅತುಲ್ ಗವಾಂಡೆ ಅವರ 'ಬೀಯಿಂಗ್ ಮಾರ್ಟಲ್' (2014) ಪುಸ್ತಕದಲ್ಲಿ ಇಂಥದೇ ಒಬ್ಬ ಅಜ್ಜ ಬರ್ತಾರೆ. ಮಹಾರಾಷ್ಟ್ರದ ಹಳ್ಳಿಯ ಸೀತಾರಾಮ್ ಗವಾಂಡೆ, ಲೇಖಕರ ಸ್ವಂತ ತಾತ. ಹತ್ತಿರತ್ತಿರ 110 ವರ್ಷ ಬದುಕಿದವರು. ಆ ವಯಸ್ಸಲ್ಲೂ ರಾತ್ರಿ ಕುದುರೆ ಮೇಲೆ ಹೊಲ ಸುತ್ತಿ ಬಂದೇ ಮಲಗೋರು. ಬೀಳ್ತಾರೆ ಅಂತ ಮನೆಯವರು ಕುದುರೆ ನಿಲ್ಲಿಸಲಿಲ್ಲ, ಚಿಕ್ಕ ಕುದುರೆ ತಂದುಕೊಟ್ರು. ಇದನ್ನ ನಮ್ಮ ಅಪ್ಪನಿಗೆ ಹೇಳಿದ್ರೆ ಪುಸ್ತಕ ಬರೆದೋರಿಗೆ ಸನ್ಮಾನ ಮಾಡ್ತಾರೆ. ಆದ್ರೆ ಗವಾಂಡೆ ಅಲ್ಲಿಗೇ ನಿಲ್ಲಿಸಲ್ಲ, ಅದಕ್ಕೇ ಅವರು ನಮ್ಮ ಸಿನಿಮಾಗಳಿಗಿಂತ ಪ್ರಾಮಾಣಿಕರು. ತಾತ ಹಾಗೆ ಬದುಕಿದ್ದು ಸುತ್ತ ತುಂಬಿದ ಮನೆ ಇದ್ದಿದ್ದಕ್ಕೆ ಅಂತ ಸ್ಪಷ್ಟವಾಗಿ ಬರೀತಾರೆ. ಅದೇ ಪುಸ್ತಕದಲ್ಲಿ ಕೆರೆನ್ ವಿಲ್ಸನ್ ಅನ್ನೋ ಹೆಣ್ಣುಮಗಳ ಕಥೆಯೂ ಇದೆ. ಪಾರ್ಶ್ವವಾಯು ಬಡಿದು ನರ್ಸಿಂಗ್ ಹೋಮ್ ಸೇರಿದ್ದ ಅವರಮ್ಮನಿಗೆ ಬೇಕಿದ್ದಿದ್ದು ಇಷ್ಟೇ: ಸಣ್ಣದೊಂದು ಅಡುಗೆಮನೆ, ತನ್ನದೇ ಬಚ್ಚಲು, ತನ್ನ ಸಾಮಾನು. ಮಗಳು ಅದನ್ನ ಮರೀಲಿಲ್ಲ. 1983ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಲ್ಲಿ, ಪ್ರತಿ ಬಾಗಿಲಿಗೂ ಒಳಗಿಂದ ಚಿಲಕ ಇರೋ ಮನೆಗಳನ್ನ ಕಟ್ಟಿಸಿದರು. ಯಾರು ಒಳಗೆ ಬರಬೇಕು ಅನ್ನೋದು ಮುದುಕರ ಕೈಯಲ್ಲಿ. ಅಮ್ಮನ ಮಾತು ಕೇಳಿಸಿಕೊಂಡಿದ್ದರಿಂದ ಹುಟ್ಟಿದ ಯೋಜನೆ ಅದು.

ನಮ್ಮನೆ ತುಂಬಿದ ಮನೆ ಅಲ್ಲ. ತಂಗಿ ತುರುವೇಕೆರೆ ಕಡೆ, ನಾನು ಇಲ್ಲಿ. ಶೆಟ್ಟಿಕೆರೆಯಲ್ಲಿ ಇರೋದು ಅಪ್ಪ ಮತ್ತು ಅವ್ವ. 'ಅಪ್ಪ ಮನೆಯಲ್ಲೇ ವಯಸ್ಸಾಗ್ತಿದ್ದಾರೆ' ಅಂತ ನಾವು ಹೇಳೋ ವಾಕ್ಯದಲ್ಲಿ ಕ್ರಿಯಾಪದ ಅವ್ವನದು. ಐದಕ್ಕೆ ಎದ್ದು ಹಾಲು ಕರೆದು ಡೈರಿಗೆ ಹಾಕೋದು, ಕೊಟ್ಟಿಗೆ ಬಾಚೋದು, ಕಾಯಿ ಕೀಳೋರು ಬಂದ ದಿನ ಎಂಟು ಜನಕ್ಕೆ ಮುದ್ದೆ-ಹುರುಳಿ ಸಾರು, ಅಪ್ಪನ ಬಿಪಿ ಮಾತ್ರೆ ನೆನಪಿಸೋದು. ಅವಳಿಗೆ ಅರವತ್ತೆಂಟು. ಅವಳಿಗೆ ಯಾವ ವಯಸ್ಸಿಗೆ ನಿವೃತ್ತಿ ಅಂತ ಯಾವ ಇಲಾಖೆಯೂ ಹೇಳಿಲ್ಲ.

ಬ್ರೋಷರ್ರನ್ನ ಅಪ್ಪ ಪಕ್ಕಕ್ಕಿಟ್ಟ ಮೇಲೆ ಅವ್ವ ಎತ್ಕೊಂಡ್ಲು. ಕನ್ನಡಕ ಹಾಕ್ಕೊಂಡು ನಿಧಾನವಾಗಿ ನೋಡಿದ್ಲು. ಯೋಗ, ಲೈಬ್ರರಿ ಏನೂ ಕೇಳಲಿಲ್ಲ. "ಮೂರ್ ಹೊತ್ತೂ ಅವರೇ ಮಾಡಿಕ್ತಾರಾ?" ಅಂದ್ಲು. ಹೂಂ ಅಂದೆ. "ಪಾತ್ರೇನೂ ಅವರೇ ತೊಳೀತಾರಾ?" ಹೂಂ. "ಮುದ್ದೆ ಮಾಡ್ತಾರಾ?" ಅದು ಅನುಮಾನ ಅಂದೆ. "ಹೋಗ್ಲಿ ಬಿಡು, ಅನ್ನನೇ ಉಂಡ್ರಾಯ್ತು."

ಇದನ್ನ ನಾನು ನಿರೀಕ್ಷಿಸಿರಲಿಲ್ಲ, ಯಾಕಂದ್ರೆ ನಾನು ನೋಡಿದ ಯಾವ ಕಥೆಯಲ್ಲೂ ಅಮ್ಮ ಹೀಗೆ ಮಾತಾಡಲ್ಲ. 'ಗೋಧಿ ಬಣ್ಣ'ದಲ್ಲಿ ಅಮ್ಮ ಬರೀ ನೆನಪು. ವೆಂಕೋಬ ರಾವ್ ಅವಳನ್ನ ಪ್ರೀತಿಸಿದ್ದು ಎಷ್ಟು ಚೆಂದ ಅಂತ ನಮಗೆ ಗೊತ್ತಾಗುತ್ತೆ, ಅವಳು ಬದುಕಿದ್ದಿದ್ರೆ ಆ ಮರೆವನ್ನ ಹಗಲು ರಾತ್ರಿ ಕಾಯಬೇಕಿದ್ದವಳು ಅವಳೇ ಅನ್ನೋದು ತೆರೆ ಮೇಲೆ ಬರಲ್ಲ. ಅವಳಿಲ್ಲದ್ದಕ್ಕೇ ಆರೈಕೆ ಕೇಂದ್ರ ಬೇಕಾಯ್ತು ಅಂತಲೂ ಓದಬಹುದು. 'ಸ್ಕೂಲ್ ಮಾಸ್ಟರ್'ನಲ್ಲಿ ರಾಜಮ್ಮನವರ ಪಾತ್ರಕ್ಕೆ ದುಃಖ ಇದೆ, ಗಂಡನ ಜೊತೆ ಇರಬೇಕು ಅನ್ನೋ ಹಂಬಲ ಇದೆ. ಸುಸ್ತು ಇಲ್ಲ. ನಮ್ಮ ಸಿನಿಮಾಗಳ ಅಮ್ಮಂದಿರಿಗೆ ನೋವಾಗುತ್ತೆ, ಸುಸ್ತಾಗಲ್ಲ. ಅಂಥ ಒಂದು ಪಾತ್ರ ಬರೆದ್ರೆ ಇಡೀ ಕಥೆಯ ಕಟ್ಟು ಸಡಿಲ ಆಗುತ್ತೆ, ಯಾಕಂದ್ರೆ ಆಗ ಮನೆ ಬಿಡಿಸಿದ ಮಗನೇ ಖಳನಾಯಕ ಆಗಿ ಉಳಿಯಲ್ಲ, ಮನೆಯಲ್ಲೇ ಇರ್ತೀನಿ ಅನ್ನೋ ಅಪ್ಪನೂ ಪೂರ್ತಿ ಪಾಪದವರಾಗಿ ಉಳಿಯಲ್ಲ.

ಕಳೆದ ಸಲ ಊರಿಂದ ಹೊರಡೋವಾಗ ಅವ್ವ ಕಾರಿನ ತನಕ ಬಂದು, ಅಪ್ಪನಿಗೆ ಕೇಳಿಸದ ಹಾಗೆ ಇನ್ನೊಂದು ಮಾತು ಕೇಳಿದ್ಲು: "ಅಲ್ಲಿ ಒಬ್ರೇ ಹೋಗಿ ಒಂದೆರಡ್ ತಿಂಗ್ಳು ಇದ್ದು ಬರಬೋದಾ?" ವಿಚಾರಿಸಿದೆ. ಇರಬಹುದಂತೆ, ತಿಂಗಳ ಲೆಕ್ಕದಲ್ಲಿ ಒಂದು ಕೋಣೆ ಕೊಡ್ತಾರಂತೆ. ಅವಳಿಗೆ ಹೇಳಿದೆ. ಅಪ್ಪನಿಗೆ ತಾನೇ ಹೇಳ್ತೀನಿ, ನೀನು ಬಾಯಿ ಹಾಕಬೇಡ ಅಂದಿದ್ದಾಳೆ. ಈ ಸಲದ ಕೊಬ್ಬರಿ ಅಟ್ಟದಿಂದ ಇಳಿಯೋದು ಯುಗಾದಿ ಕಳೆದ ಮೇಲೆ.