ಬೆರಗಿನ ಕೈಗೊಂದು ಕೆಲಸ

ಹಕ್ಕಿ ನೋಡುವ ಹುಚ್ಚು ಹತ್ತಿದವರಿಗೆಲ್ಲ ಪಕ್ಷಿತಜ್ಞ ಸಲೀಂ ಅಲಿಯವರ ಗುಬ್ಬಿಯ ಕಥೆ ಗೊತ್ತು. 1908ರಲ್ಲಿ ಹುಡುಗ ಸಲೀಂ ಏರ್‌ಗನ್ನಿನಿಂದ ಹೊಡೆದುರುಳಿಸಿದ ಗುಬ್ಬಿಯ ಕೊರಳಲ್ಲಿ ಅರಿಶಿನ ಸವರಿದಂಥ ಹಳದಿ ಮಚ್ಚೆಯಿತ್ತು. ಇದೆಂಥ ಗುಬ್ಬಿ ಎಂಬ ಬೆರಗು ಅವನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಬಾಗಿಲಿಗೆ ಕರೆದೊಯ್ದಿತು. ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ನನ್ನ ಪ್ರಕಾರ ಮುಖ್ಯವಾದದ್ದು ನಡೆದದ್ದು ಬಾಗಿಲ ಒಳಗೆ. ಕಾರ್ಯದರ್ಶಿ ಮಿಲಾರ್ಡ್ ಹಕ್ಕಿಯ ಹೆಸರು ಹೇಳಿ ಹುಡುಗನನ್ನು ಸಾಗಹಾಕಲಿಲ್ಲ. ಸಂಗ್ರಹದಲ್ಲಿದ್ದ ಹಕ್ಕಿಗಳನ್ನು ತೋರಿಸಿದರು, ಪುಸ್ತಕ ಕೊಟ್ಟರು, ಹಕ್ಕಿಯ ಚರ್ಮ ಬಿಡಿಸಿ ಕೆಡದಂತೆ ಕಾಪಿಡುವ ವಿದ್ಯೆ ಕಲಿಯಲು ದಾರಿ ಮಾಡಿದರು. ಬೆರಗಿನ ಕೈಗೆ ಕೆಲಸ ಸಿಕ್ಕಿತು. ಮುಂದೆ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದ ಅದೇ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು.

ಬೇಟೆಗಾರರಿಗೂ ಬೆರಗಿರಲಿಲ್ಲವೇ ಎಂದು ಕೇಳಬಹುದು. ಖಂಡಿತ ಇತ್ತು. 1938ರಲ್ಲಿ ಭರತಪುರದಲ್ಲಿ ವೈಸರಾಯ್ ಲಿನ್‌ಲಿತ್‌ಗೋ ಪರಿವಾರ ಒಂದೇ ದಿನ ನಾಲ್ಕು ಸಾವಿರಕ್ಕೂ ಹೆಚ್ಚು ಹಕ್ಕಿಗಳನ್ನು ಉರುಳಿಸಿತು; ಬಾನು ತುಂಬಿದ ಬಾತುಗಳನ್ನು ಕಂಡು ಅವರೂ ಉಬ್ಬಿರಬೇಕು. ಆದರೆ ಆ ಉಬ್ಬು ತಮ್ಮ ಗುರಿಯ ಹೆಮ್ಮೆಗೆ ತಿರುಗಿತು, ಹಕ್ಕಿಯ ಬಗ್ಗೆ ಒಂದು ಪ್ರಶ್ನೆಯಾಗಲಿಲ್ಲ. ಹಾಗಾಗಿ ಬೆರಗೊಂದೇ ಸಾಕು ಎಂದು ನಾನು ವಾದಿಸಲಾರೆ.

ಹಕ್ಕಿಗಳ ಬಗೆಗಿನ ಈ ಬೆರಗೆಲ್ಲ ಹೊಟ್ಟೆ ತುಂಬಿದವರ ಶೋಕಿ ಎಂಬ ಆಕ್ಷೇಪವೂ ಇದೆ. ಅದಕ್ಕೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರೇ ಉತ್ತರ. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುವುದು ಊರ ನಡುವಿನ ಮರಗಳಲ್ಲಿ, ಜನರ ಹಿತ್ತಲಲ್ಲಿ. ಹಿಕ್ಕೆ ಬಿದ್ದು ಹುಣಸೆ ಫಸಲು ಕೆಡುತ್ತದೆ, ಅಂಗಳ ನಾರುತ್ತದೆ. ಆದರೂ ಊರವರಿಗೆ ಅವು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು. ಹಿಕ್ಕೆ ಗೊಬ್ಬರವಾಗುತ್ತದೆ, ನಿಜ. ಆದರೆ ಗೊಬ್ಬರದಾಸೆಗೆ ಯಾರೂ ಗೂಡಿನಿಂದ ಬಿದ್ದ ಮರಿಯನ್ನೆತ್ತಿ ಮೀನು ತಿನ್ನಿಸಿ ಸಾಕುವುದಿಲ್ಲ. ಊರಿನ ಹೆಜ್ಜಾರ್ಲೆ ಬಳಗದವರು ಮಾಡಿದ್ದು ಅದನ್ನೇ. ರೆಕ್ಕೆ ಬಲಿಯುವವರೆಗೆ ಮರಿಗಳನ್ನು ಜೋಪಾನ ಮಾಡಿ ಹಾರಬಿಟ್ಟರು. ಹುಣಸೆಯ ನಷ್ಟಕ್ಕೆ ಅರಣ್ಯ ಇಲಾಖೆ ಪರಿಹಾರವನ್ನೇನೋ ಗೊತ್ತುಮಾಡಿದೆ. ಅದು ಇಂದಿನ ಹುಣಸೆಯ ಬೆಲೆಗೆ ತಕ್ಕಂತೆ, ಸಕಾಲಕ್ಕೆ ಆ ಮನೆಗಳಿಗೆ ಸೇರಲಿ ಎಂದು ಪಟ್ಟು ಹಿಡಿಯುವುದು ಕ್ಯಾಮೆರಾ ಹೊತ್ತು ಅಲ್ಲಿಗೆ ಹೋಗುವ ನಮ್ಮ ಪಾಲಿನ ಕೆಲಸ.