ಕೊಂಬೆ ಮೊದಲು, ಹಕ್ಕಿ ಆಮೇಲೆ

ಮಳೆಗಾಲದ ಕಾಗದದ ಬಗ್ಗೆ ಬರೆಯುತ್ತೇನೆಂದು ಹೋದ ವಾರ ಮಾತು ಕೊಟ್ಟಿದ್ದೆ. ಆಟಿ ತಿಂಗಳ ಮಳೆಯ ತೇವಕ್ಕೆ 300 ಜಿಎಸ್‌ಎಂ ಹತ್ತಿ ಕಾಗದ ಕೂಡ ಯಾಕೆ ಮೆತ್ತಗಾಗುತ್ತದೆ, ಜಲವರ್ಣದ ಮೊದಲ ಪದರ ಒಣಗುವ ತನಕ ಎರಡನೆಯದಕ್ಕೆ ಕೈ ಹಾಕದಿರುವ ತಾಳ್ಮೆ ಎಲ್ಲಿಂದ ತರುವುದು, ಬೂಸ್ಟು ಹಿಡಿದ ಹಾಳೆಯನ್ನು ಉಳಿಸಬಹುದೇ ಎಂದೆಲ್ಲ ಟಿಪ್ಪಣಿ ಸಿದ್ಧವಾಗಿತ್ತು. ಅಷ್ಟರಲ್ಲಿ ಓದುಗರೊಬ್ಬರು ತಾವು ಬಿಡಿಸಿದ ಚಿತ್ರವೊಂದನ್ನು ಕಳಿಸಿ ‘ಹೇಗಿದೆ, ಹೇಳಿ’ ಎಂದರು. ಕಾಕರಣೆ ಹಕ್ಕಿ, ಗಂಡು. ಕಪ್ಪು ತಲೆ, ಎದೆಗೆ ಅಡ್ಡಲಾಗಿ ಬಿಳಿ ಪಟ್ಟಿ, ಅದರ ಕೆಳಗೆ ಕೆಂಪು ಹೊಟ್ಟೆ. ಗರಿಗಳನ್ನು ಒಂದೊಂದಾಗಿ ಎಣಿಸಬಹುದು. ಕೈ ಪಳಗಿದೆ, ಸಂಶಯವೇ ಇಲ್ಲ. ಕೂರಿಸಿದ್ದು ಮಾತ್ರ ಗುಲ್‌ಮೊಹರ್ ಗೊಂಚಲಿನ ಮೇಲೆ.

ಕಾಗದ ಎಲ್ಲಿಗೂ ಓಡಿಹೋಗುವುದಿಲ್ಲ. ಈ ಗುಲ್‌ಮೊಹರ್ ವಿಚಾರ ಇವತ್ತೇ ಇತ್ಯರ್ಥವಾಗಲಿ.

ಕಾಕರಣೆ ದಟ್ಟ ಕಾಡಿನ ಹಕ್ಕಿ. ಕಾರ್ಕಳದಿಂದ ಕುದುರೆಮುಖದ ಕಡೆ ಏರುವಾಗ ಸಿಗುವ ನೆರಳುಗಾಡಿನಲ್ಲಿ, ಮರಗಳ ನಡು ಎತ್ತರದ ಯಾವುದೋ ಕೊಂಬೆಯಲ್ಲಿ ಅಲ್ಲಾಡದೆ ಕೂತಿರುತ್ತದೆ. ಎಷ್ಟೋ ಸಲ ಬೆನ್ನು ಹಾಕಿಯೇ ಕೂರುವುದರಿಂದ ಅಷ್ಟು ಕೆಂಪಿದ್ದೂ ಕಣ್ಣಿಗೆ ಬೀಳುವುದಿಲ್ಲ. ಗುಲ್‌ಮೊಹರ್ ಮಡಗಾಸ್ಕರಿನಿಂದ ಬಂದ ಮರ. ನಮ್ಮಲ್ಲಿ ಅದು ಬೆಳೆಯುವುದು ಬಸ್‌ಸ್ಟ್ಯಾಂಡಿನ ಮಗ್ಗುಲಲ್ಲಿ, ಶಾಲೆಯ ಅಂಗಳದಲ್ಲಿ, ಸುಡುಬಿಸಿಲಿನಲ್ಲಿ. ಇವೆರಡೂ ಭೇಟಿಯಾಗುವುದು ಕಾಗದದ ಮೇಲೆ ಮಾತ್ರ. ‘ಕೆಂಪಿಗೆ ಕೆಂಪು ಒಪ್ಪುತ್ತದಲ್ಲ’ ಎಂಬ ಸಮಾಧಾನ ಸೀರೆಯ ಅಂಗಡಿಗೆ ಸಾಕು, ನಮಗೆ ಸಾಲದು.

ಆ ಓದುಗರನ್ನು ಮಾತ್ರ ಬಯ್ಯುವುದು ನ್ಯಾಯವಲ್ಲ. ಮೂಲ ದೋಷ ಎಲ್ಲಿದೆ ಎಂಬುದನ್ನು ಈ ಅಂಕಣದ ಹಳೆಯ ಓದುಗರು ಆಗಲೇ ಊಹಿಸಿರುತ್ತಾರೆ. ಹೌದು, ಫೋಟೋ ನೋಡಿ ಚಿತ್ರ ಬಿಡಿಸುವವರ ಪಂಗಡ. ಅವರ ಜೊತೆಗಿನ ನನ್ನ ಜಗಳ ಹಳೆಯದು, ಇವತ್ತು ಅದಕ್ಕೊಂದು ಹೊಸ ಕಲಮು ಸೇರಿಸುತ್ತೇನೆ. 600 ಎಂಎಂ ಲೆನ್ಸಿನಲ್ಲಿ ತೆಗೆದ ಪಟದಲ್ಲಿ ಹಕ್ಕಿಯ ಹಿಂದೆ ಇರುವುದೆಲ್ಲ ಹಸಿರು ಮಬ್ಬು. ಕ್ಯಾಮೆರಾಕ್ಕೆ ಅದು ಅನಿವಾರ್ಯ ಇರಬಹುದು, ಕುಂಚಕ್ಕೆ ಏನು ಗ್ರಹಚಾರ? ಅದೇ ಮಬ್ಬನ್ನು ನಾಲ್ಕು ಪದರ ಬಣ್ಣ ಹಾಕಿ ಶ್ರದ್ಧೆಯಿಂದ ನಕಲು ಮಾಡುತ್ತಾರೆ. ಇನ್ನೂ ದೊಡ್ಡ ತಮಾಷೆ ಆ ಕೊಂಬೆಯದು. ಈಗ ಘಟ್ಟದ ಉದ್ದಕ್ಕೂ ಫೋಟೋಗ್ರಾಫರುಗಳಿಗಾಗಿ ಮರೆಗೂಡುಗಳು ಎದ್ದಿವೆ. ಮುಂದೊಂದು ನೀರಿನ ಗುಂಡಿ, ಗುಂಡಿಯ ಪಕ್ಕ ಚಂದ ನೋಡಿ ನೆಟ್ಟ ಒಣಕೋಲು. ಹಕ್ಕಿ ನೀರಿಗೆ ಬರುತ್ತದೆ, ಕೋಲಿನ ಮೇಲೆ ಕೂರುತ್ತದೆ, ಸಾಲಾಗಿ ಕಾದಿದ್ದ ಕ್ಯಾಮೆರಾಗಳು ಸದ್ದು ಮಾಡುತ್ತವೆ. ಆ ಪಟ ನೋಡಿ ಬಿಡಿಸಿದವರು ನೆಟ್ಟ ಕೋಲನ್ನೂ ಭಕ್ತಿಯಿಂದ ಬಿಡಿಸುತ್ತಾರೆ. ಆ ಕೋಲನ್ನು ಹಕ್ಕಿ ಆರಿಸಿದ್ದಲ್ಲ, ಚಿತ್ರಕಾರ ಆರಿಸಿದ್ದೂ ಅಲ್ಲ. ಮರೆಗೂಡಿನ ಮಾಲೀಕ ಆರಿಸಿದ್ದು.

ರೆಕ್ಕೆಯ ಗರಿಗಳ ಜೋಡಣೆ ತಿಳಿಯಲು ಫೋಟೋ ನೋಡಿ, ಬೇಡ ಎನ್ನುವುದಿಲ್ಲ. ಕ್ಷೇತ್ರ ಕೈಪಿಡಿಗಳ ಮಾತೂ ಬೇರೆ. ಗ್ರಿಮೆಟ್ ಮತ್ತು ಇನ್‌ಸ್ಕಿಪ್ ಅವರ ಪುಸ್ತಕಗಳಿಗೆ ನಮ್ಮ ನೆರೆಯ ಗೋವಾದ ಕಾರ್ಲ್ ಡಿಸಿಲ್ವಾ ಬಿಡಿಸಿದ ಫಲಕಗಳಲ್ಲಿ ಹತ್ತಾರು ಹಕ್ಕಿಗಳು ಸಾಲಾಗಿ ನಿಂತಿವೆ, ಕೊಂಬೆ ಬೇಕಾದಷ್ಟೇ ಇದೆ. ಒಂದು ಜಾತಿಯಿಂದ ಇನ್ನೊಂದನ್ನು ಬೇರ್ಪಡಿಸಿ ತೋರಿಸುವುದು ಅಲ್ಲಿಯ ಕೆಲಸ. 2015ರಲ್ಲಿ ತೀರಿಕೊಂಡ ಡಿಸಿಲ್ವಾರಿಗೆ ಆ ಕೆಲಸದ ಮಿತಿಯೂ ಗೊತ್ತಿತ್ತು, ಅದಕ್ಕೆ ಬೇಕಾದ ಸಂಯಮವೂ ಇತ್ತು. ಆದರೆ ಗೋಡೆಗೆ ತೂಗುಹಾಕುವ ಚಿತ್ರ ಕೈಪಿಡಿಯಿಂದ ಕತ್ತರಿಸಿದ ಪುಟದಂತೆ ಇರಬಾರದು.

ಎದುರು ದಡದಲ್ಲಿ ಗ್ಯಾಲರಿ ಪಂಗಡ. ಹಕ್ಕಿ, ಹೂ ಎಂದರೆ ಅವರಿಗೆ ಅದು ‘ಇಲಸ್ಟ್ರೇಶನ್’, ಕಲೆಯಲ್ಲ. ಇಂಥವರು ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರ (1911–1996) ಹೆಸರು ಹೇಳಿಕೊಂಡೇ ನಮ್ಮನ್ನು ಹೊರಗೆ ನಿಲ್ಲಿಸುವುದು ನನಗೆ ಸೋಜಿಗ. ಹೆಬ್ಬಾರರ ರೇಖೆಗಳನ್ನು ಒಮ್ಮೆ ನಿಧಾನವಾಗಿ ನೋಡಲಿ. ಕುಣಿಯುವವನ ಬೆನ್ನಿನಿಂದ ಹಿಮ್ಮಡಿಯ ತನಕ ಒಂದೇ ಉಸಿರಿಗೆ ಇಳಿದ ಗೆರೆ, ಎದುರಿಗಿರುವ ಜೀವ ಇನ್ನೊಂದು ಗಳಿಗೆ ಹೀಗೆ ನಿಲ್ಲುವುದಿಲ್ಲ ಎಂದು ತಿಳಿದವನ ಗೆರೆ. ಹಕ್ಕಿ ಕೇಳುವುದೂ ಅದನ್ನೇ. ಮಣಿಪಾಲದಲ್ಲಿ ಅವರ ಹೆಸರಿನ ಗ್ಯಾಲರಿ ಇದೆ. ಹಕ್ಕಿ ಬಿಡಿಸುವವರು ಯೂಟ್ಯೂಬ್ ಬಿಟ್ಟು ಅಲ್ಲಿಗೆ ಹೋಗುವುದು ಒಳ್ಳೆಯದು.

ಇನ್ನು ಕೊಂಬೆಯ ಮಾತು. ಹಳೆಯ ಮಾವಿನ ಮರದಲ್ಲಿ ಬದನಿಕೆ ಇದ್ದರೆ ಅದರ ಸುತ್ತ ಹೆಬ್ಬೆರಳ ಗಾತ್ರದ ಮಂಕು ಬಣ್ಣದ ಹಕ್ಕಿಯೊಂದು ‘ಚಿಕ್ ಚಿಕ್’ ಎನ್ನುತ್ತ ಓಡಾಡುತ್ತಿರುತ್ತದೆ. ಅದೇ ಬದನಿಕೆ ಹಕ್ಕಿ. ಬಣ್ಣದ ದೃಷ್ಟಿಯಿಂದ ಬಡಪಾಯಿ, ಅದನ್ನು ಒಂಟಿಯಾಗಿ ಬಿಡಿಸಿದರೆ ಯಾರೂ ಎರಡನೆಯ ಸಲ ನೋಡುವುದಿಲ್ಲ. ಬದನಿಕೆಯ ಜೊತೆ ಬಿಡಿಸಿ, ಅಲ್ಲೊಂದು ಕತೆಯೇ ಶುರುವಾಗುತ್ತದೆ. ಹಕ್ಕಿ ಹಣ್ಣು ನುಂಗುತ್ತದೆ. ಅಂಟಂಟಾದ ಬೀಜ ಅದರ ಹೊಟ್ಟೆಯಿಂದ ಬೇಗನೆ ಹೊರಬರುತ್ತದೆ, ಆದರೆ ಸುಲಭಕ್ಕೆ ಉದುರುವುದಿಲ್ಲ. ಅದನ್ನು ಬಿಡಿಸಿಕೊಳ್ಳಲು ಹಕ್ಕಿ ಕೊಂಬೆಗೆ ಮೈ ಉಜ್ಜುತ್ತದೆ. ಬೀಜ ತೊಗಟೆಗೆ ಅಂಟಿ ಅಲ್ಲೇ ಮೊಳೆಯುತ್ತದೆ. ಗಿಡಕ್ಕೆ ಹಕ್ಕಿ ಬಿತ್ತುವವ, ಹಕ್ಕಿಗೆ ಗಿಡ ಅನ್ನದಾತ, ಮಾವಿನ ಮರ ಇಬ್ಬರನ್ನೂ ಹೊತ್ತು ಸಾಕುವ ಯಜಮಾನ. ಈಗ ನಿಮ್ಮ ಚಿತ್ರದಲ್ಲಿ ಎರಡು ಬಗೆಯ ಎಲೆ ಬೇಕು. ಮಾವಿನದು ಉದ್ದ, ತೆಳು. ಬದನಿಕೆಯದು ದಪ್ಪ, ಚರ್ಮದಂಥದ್ದು. ಈ ಎರಡು ಹಸಿರಿನ ವ್ಯತ್ಯಾಸ ತರಲು ಬಾರದವರು ಕಾಕರಣೆಯ ಕೆಂಪಿಗೆ ಕೈ ಹಾಕದಿರುವುದೇ ಲೇಸು.

ಈ ಹಸಿರಿನ ವಿದ್ಯೆಯಲ್ಲಿ ನಮಗೆ ಗುರುಗಳಿಲ್ಲವೆಂದಲ್ಲ. 1840ರ ದಶಕದ ನಡುವಿನಲ್ಲಿ ಹ್ಯೂ ಕ್ಲೆಗಾರ್ನ್ ಎಂಬ ಯುವ ಸ್ಕಾಟಿಷ್ ವೈದ್ಯ ಮೈಸೂರು ಸೀಮೆಯ ನಗರ ವಿಭಾಗಕ್ಕೆ ಬಂದು ಶಿವಮೊಗ್ಗದಲ್ಲಿ ನೆಲೆಸಿದ. ಹುಟ್ಟಿದ್ದು ಮದ್ರಾಸಿನಲ್ಲೇ, 1820ರಲ್ಲಿ. ಶಿವಮೊಗ್ಗದಲ್ಲಿ ಅವನೊಬ್ಬ ಮರಾಠಿ ಚಿತ್ರಕಾರನನ್ನು ಗೊತ್ತು ಮಾಡಿಕೊಂಡ. ಪದ್ಧತಿ ಸರಳ, ದಿನಕ್ಕೊಂದು ಗಿಡ. ಬೇಲಿಯದೋ ಗದ್ದೆಯದೋ ಕಾಡಿನದೋ, ಕಿತ್ತು ತಂದದ್ದು ಬಾಡುವ ಮೊದಲು ಕಾಗದಕ್ಕೆ ಇಳಿಯಬೇಕು. ಹೀಗೆ ನೂರಾರು ಚಿತ್ರಗಳಾದವು. ಕ್ಲೆಗಾರ್ನನ ಸಂಗ್ರಹ ಇಂದು ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್‌ನಲ್ಲಿದೆ, 2016ರಲ್ಲಿ ಹೆನ್ರಿ ನೋಲ್ಟಿ ಅದರ ಬಗ್ಗೆ ದೊಡ್ಡ ಪುಸ್ತಕವನ್ನೇ ತಂದರು. ಮುಂದೆ ಇದೇ ಕ್ಲೆಗಾರ್ನ್ ಮದ್ರಾಸ್ ಪ್ರಾಂತ್ಯದ ಅರಣ್ಯ ಸಂರಕ್ಷಕನಾಗಿ ನಮ್ಮ ಘಟ್ಟದಡಿಯ ಕುಮ್ರಿ ಬೇಸಾಯದ (ಕಾಡು ಕಡಿದು ಸುಟ್ಟು ಬಿತ್ತುವ ಪದ್ಧತಿ) ಕಡು ವಿರೋಧಿಯಾದ. ಗಿಡವನ್ನು ಅಷ್ಟು ಹತ್ತಿರದಿಂದ ನೋಡಿದವನ ಕಣ್ಣಿಗೆ ಕುಮ್ರಿ ಕಡಿಯುವವನ ಹೊಟ್ಟೆ ಎಷ್ಟು ಕಂಡಿತೋ ಎಂಬ ಪ್ರಶ್ನೆ ನನಗೆ ಇದ್ದೇ ಇದೆ. ಆದರೆ ಇವತ್ತಿನ ನನ್ನ ತಕರಾರು ಬೇರೆ. ಆ ಮರಾಠಿ ಚಿತ್ರಕಾರನ ಹೆಸರು ದಾಖಲಾಗಿಲ್ಲ. ನಮ್ಮ ಮಲೆನಾಡಿನ ಸೊಪ್ಪುಸದೆಯನ್ನು ದಿನವೂ ಕೂತು ಬಿಡಿಸಿದವನು ಬರಿಯ ‘ಮರಾಠಿ ಚಿತ್ರಕಾರ’ನಾಗಿ ಉಳಿದ.

ಅದೇ ಕಾಲದ ಸಸ್ಯಶಾಸ್ತ್ರಜ್ಞ ರಾಬರ್ಟ್ ವೈಟ್ ಈ ವಿಷಯದಲ್ಲಿ ಮೇಲು. 1838ರಿಂದ 1853ರವರೆಗೆ ಅವನು ಹೊರತಂದ ‘ಐಕೋನ್ಸ್’ ಸಂಪುಟಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಫಲಕಗಳಿವೆ. ಅವನ್ನು ಬಿಡಿಸಿದ ರಂಗಯ್ಯ, ಗೋವಿಂದು ಇಬ್ಬರ ಹೆಸರನ್ನೂ ಇಂದು ನಾವು ಬಲ್ಲೆವು. ಅಷ್ಟೇ ಅಲ್ಲ, ಸೀತಾಳೆ ಕುಟುಂಬದ ಒಂದು ಕುಲಕ್ಕೆ ವೈಟ್ ‘ಗೋವಿಂದೂಯಿಯ’ ಎಂದೇ ಹೆಸರಿಟ್ಟ. ಮುಂದಿನ ಸಸ್ಯಶಾಸ್ತ್ರಜ್ಞರು ಆ ಹೆಸರನ್ನು ಉಳಿಸಿಕೊಳ್ಳಲಿಲ್ಲ, ಅದು ಬೇರೆ ಸಂಗತಿ. ಸಂಬಳಕ್ಕೆ ಚಿತ್ರ ಬಿಡಿಸುವವನ ಹೆಸರನ್ನು ಹೂವಿಗೆ ಇಡಬಹುದೆಂದು ಒಬ್ಬ ಸಾಹೇಬನಿಗೆ ತೋಚಿತಲ್ಲ, ನಾನು ಮೆಚ್ಚುವುದು ಅದನ್ನು.

ನನ್ನ ಮೆಚ್ಚಿನ ಗ್ರಂಥ ಮಾತ್ರ ಇವೆರಡಕ್ಕಿಂತ ಹಳೆಯದು, ‘ಹೋರ್ಟಸ್ ಮಲಬಾರಿಕಸ್’. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದ 12 ಸಂಪುಟ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಮಾಡಿಸಿದ ಕೆಲಸ. ಇಟ್ಟಿ ಅಚ್ಯುತನ್ ವೈದ್ಯರ ಜೊತೆಗೆ ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರು ಇದಕ್ಕೆ ದುಡಿದರು. 1675ರಲ್ಲಿ ನಾಗರಿ ಲಿಪಿಯಲ್ಲಿ ಅವರು ಬರೆದುಕೊಟ್ಟ ಕೊಂಕಣಿ ಪತ್ರ ಮೊದಲ ಸಂಪುಟದಲ್ಲೇ ಅಚ್ಚಾಗಿದೆ. ಉಡುಪಿಯ ರಥಬೀದಿಯಲ್ಲಿ ಕೊಂಕಣಿ ಕೇಳುತ್ತ ನಡೆಯುವವರಿಗೆ ಇದು ದೂರದ ಸಂಗತಿಯಾಗಿ ಕಾಣಬಾರದು. ಆ ಫಲಕಗಳನ್ನು ನೋಡುವ ರೀತಿಯೊಂದಿದೆ. ಮೊದಲು ಗಿಡದ ಹೆಸರು ಓದಬೇಡಿ. ದೊಡ್ಡ ಪುಟದ ಅಂಚಿನಿಂದ ಅಂಚಿಗೆ ಚಾಚಿದ ರೆಂಬೆಯನ್ನು ಬುಡದಿಂದ ತುದಿಗೆ ಕಣ್ಣಲ್ಲೇ ಹತ್ತಿ. ಎಲೆ ಮಗುಚಿದಲ್ಲಿ ಬೆನ್ನಿನ ನರ ಕಾಣುತ್ತದೆ. ಮೊಗ್ಗು, ಹೂ, ಕಾಯಿ ಒಂದೇ ರೆಂಬೆಯಲ್ಲಿ ಕೂಡಿರುತ್ತವೆ. ಹಣ್ಣನ್ನು ಸೀಳಿ ಬೀಜ ತೋರಿಸಿರುತ್ತಾರೆ. ಕೆತ್ತನೆಯಲ್ಲಿ ಬಣ್ಣವಿಲ್ಲ, ಆದರೂ ಯಾವ ಎಲೆ ತೆಳು, ಯಾವುದು ದಪ್ಪ ಎಂಬುದು ಬೆರಳಿಗೆ ತಾಗಿದಂತೆ ತಿಳಿಯುತ್ತದೆ. ಇಷ್ಟು ನೋಡಿದ ಮೇಲೆ ಹೆಸರು ಓದಿ. ಹೆಸರು ಒಂದೇ ಲಿಪಿಯಲ್ಲಿಲ್ಲ. ರೋಮನ್ ಜೊತೆಗೆ ಮಲಯಾಳಂ, ಅರಬ್ಬಿ, ನಾಗರಿ ಎಲ್ಲವೂ ಇವೆ. ಒಂದು ಗಿಡವನ್ನು ಬಲ್ಲವರೆಲ್ಲರಿಗೂ ಫಲಕದಲ್ಲಿ ಜಾಗ ಸಿಕ್ಕಿದೆ.

ಇಲ್ಲಿ ಇನ್ನೊಂದು ಪಂಗಡ ಎದ್ದು ನಿಲ್ಲುತ್ತದೆ, ‘ಸ್ಥಳೀಯ ಗಿಡ ಮಾತ್ರ’ ಎನ್ನುವ ಮಡಿವಂತರು. ಕಾಪುವಿನ ಕಡಲಬದಿಯಲ್ಲಿ ಬಿಳಿಹೊಟ್ಟೆಯ ಕಡಲಹದ್ದು ಗಾಳಿಮರದ ತುದಿಯಲ್ಲಿ ಕೂತಿದ್ದರೆ, ಗಾಳಿಮರ ಪರದೇಶದ್ದೆಂದು ಅದನ್ನು ಅಳಿಸಿ ಹೊನ್ನೆಮರ ನೆಡುತ್ತಾರೆ. ಇದೂ ಗುಲ್‌ಮೊಹರಿನಷ್ಟೇ ದೊಡ್ಡ ಸುಳ್ಳು. ನೆಡುತೋಪಿನ ಅಕೇಶಿಯಾದಲ್ಲಿ ಕಾಜಾಣ ಕೂತಿದ್ದರೆ ಅಕೇಶಿಯಾವನ್ನೇ ಬಿಡಿಸಿ. ನಮ್ಮ ಗುಡ್ಡಗಳಿಗೆ ಏನಾಯಿತು ಎಂಬುದಕ್ಕೆ ಅದೇ ಸಾಕ್ಷಿ. ನಾವು ಬಿಡಿಸಬೇಕಾದದ್ದು ಹಕ್ಕಿ ಕೂತ ಕೊಂಬೆಯನ್ನು, ಕೂತಿದ್ದರೆ ಚೆನ್ನಾಗಿತ್ತು ಎನಿಸುವ ಕೊಂಬೆಯನ್ನಲ್ಲ.

ಕೊಂಬೆಗೆ ಈಪಾಟಿ ಪಟ್ಟು ಯಾಕೆ ಎಂದರೆ ಕಾರ್ಕಳದ ಗುಡ್ಡ ಹತ್ತಿ ಎನ್ನುತ್ತೇನೆ. 1432ರ ಫೆಬ್ರವರಿ 13ರಂದು ವೀರಪಾಂಡ್ಯ ಭೈರರಸ ನಿಲ್ಲಿಸಿದ 42 ಅಡಿಯ ಗೊಮ್ಮಟನ ಮುಖದ ಶಾಂತಿಯನ್ನು ಎಲ್ಲರೂ ಹೊಗಳಿದ್ದಾರೆ. ನೀವು ಬೈನಾಕ್ಯುಲರ್ ಹಿಡಿದು ಕೈಕಾಲು ನೋಡಿ. ಅಲ್ಲಿ ಹಬ್ಬಿದ ಬಳ್ಳಿಯನ್ನು ಮಾಧವಿ ಎನ್ನುವುದು ವಾಡಿಕೆ. ಅಂಚಿಗೆ ಜಾಲರಿ ಕಟ್ಟಿದ ಐದು ಎಸಳು, ಅದರಲ್ಲೊಂದಕ್ಕೆ ಹಳದಿ ಮಚ್ಚೆ, ಮೂರು ರೆಕ್ಕೆಯ ಕಾಯಿ. ಇದು ಕಾಡಿನ ಮಾಧವಿ. ಕಲ್ಲಿನ ಬಳ್ಳಿ ಅದಕ್ಕೆ ಎಷ್ಟು ಹೋಲುತ್ತದೆಂದು ನೀವೇ ತಾಳೆ ನೋಡಿಕೊಳ್ಳಿ. ನನಗೆ ಮುಖ್ಯವಾದದ್ದು ಶಿಲ್ಪಿಯ ಲೆಕ್ಕಾಚಾರ. ಬಾಹುಬಲಿ ಅಲ್ಲಾಡದೆ ಬಹುಕಾಲ ನಿಂತ ಎಂಬುದನ್ನು ಕಲ್ಲಿನಲ್ಲಿ ಹೇಳುವುದು ಹೇಗೆ? ಕಲ್ಲಿನ ಮೂರ್ತಿಗಳೆಲ್ಲ ಅಲ್ಲಾಡದೆಯೇ ನಿಂತಿರುತ್ತವೆ. ಆ ಬಳ್ಳಿಯನ್ನು ತೆಗೆದರೆ ಉಳಿಯುವುದು ಎತ್ತರದ ಒಬ್ಬ ಮನುಷ್ಯ. ಬಳ್ಳಿ ಹಬ್ಬಿದ್ದರಿಂದಲೇ ಕಾಲ ಸರಿದದ್ದು ನಮಗೆ ಗೊತ್ತಾಗುವುದು.

ಹಕ್ಕಿಯ ಚಿತ್ರದಲ್ಲೂ ಕಾಲ ಹೇಳುವುದು ಗಿಡವೇ. ಗುಲಾಬಿ ಕಬ್ಬಕ್ಕಿಗಳ ಹಿಂಡನ್ನು ಅರಳಿದ ಹಾಲವಾಣದಲ್ಲಿ ಕೂರಿಸಿದರೆ ಚಳಿಗಾಲ ಮುಗಿಯುತ್ತ ಬಂತೆಂದು ಬೇರೆ ಬರೆಯಬೇಕಿಲ್ಲ. ಅದೇ ಹಿಂಡನ್ನು ಜೂನಿನ ಮಳೆಯಲ್ಲಿ ನೆನೆಸಿದಿರೋ, ನಗೆಪಾಟಲು. ಆಗ ಅವು ಮಧ್ಯ ಏಷ್ಯಾದ ಕಡೆ ಮರಿ ಮಾಡುತ್ತಿರುತ್ತವೆ.

ಆದ್ದರಿಂದ ಈ ವಾರ ಹಕ್ಕಿ ಬೇಡ. ಬೇಲಿಯಲ್ಲಿ ಅಗ್ನಿಶಿಖೆ ಅರಳಿದೆ, ಅದನ್ನೇ ಬಿಡಿಸಿ. ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಗಿಡವನ್ನು ಹಿಡಿಯುವುದನ್ನು ಗಮನಿಸಿ. ಎಸಳುಗಳು ಹಿಂದಕ್ಕೆ ಮಡಚುವುದನ್ನು, ಹಸಿರು ಹಳದಿಯಾಗಿ ಹಳದಿ ಕೆಂಪಾಗುವುದನ್ನು, ಶಲಾಕೆ ಬುಡದಲ್ಲೇ ಲಂಬಕೋನಕ್ಕೆ ತಿರುಗಿ ಹೂವಿನಿಂದ ಹೊರಗೆ ಚಾಚುವುದನ್ನು ನೋಡಿ. ನೂರು ಚಿತ್ರಗಳಲ್ಲಿ ತೊಂಬತ್ತು ಎಡವುವುದು ಈ ಕೊನೆಯದರಲ್ಲೇ. ಗೆಡ್ಡೆ ವಿಷ, ಮಕ್ಕಳಿದ್ದರೆ ಜೋಪಾನ. ಬೇಲಿ ಬೋರಾದವರು ಮುರಕಲ್ಲಿನ (ಲ್ಯಾಟರೈಟ್) ಪಾದೆಗೆ ಹೋಗಿ ಮಂಡಿಯೂರಿ, ಸಣ್ಣದನ್ನೂ ಬಿಡದೆ ನೋಡಿ. ಮಣಿಪಾಲದ ಮುರಕಲ್ಲಿನ ನೆಲದಲ್ಲೇ ಸಿಕ್ಕಿದ, ಎರಡು ಸೆಂಟಿಮೀಟರೂ ಇಲ್ಲದ ಕಪ್ಪೆಯೊಂದು ಹೊಸ ಜಾತಿಯೆಂದು ಲೋಕಕ್ಕೆ ತಿಳಿದದ್ದು 2016ರಲ್ಲಿ. ಅದರ ವೈಜ್ಞಾನಿಕ ಹೆಸರಿನಲ್ಲೇ ಆ ಕಲ್ಲಿದೆ.

ಬಿಡಿಸಿದ ಮೇಲೆ ಹಾಳೆಯ ಕೆಳಗೆ ಗಿಡದ ಹೆಸರು, ಊರು, ತಾರೀಕು ಬರೆಯಿರಿ. ಆಮೇಲೆ, ಸಂಕೋಚಪಡದೆ, ಓದಲು ಬರುವ ಅಕ್ಷರಗಳಲ್ಲಿ ನಿಮ್ಮ ಹೆಸರನ್ನೂ ಬರೆಯಿರಿ. ಬರೆದಿಟ್ಟುಕೊಳ್ಳುವ ಸಾಹೇಬನನ್ನು ಕಾಯುವುದು ಬೇಡ.